ಎತ್ತಬಾರದ ಕರೆಗೆ ಅನ್‌ಲಿಮಿಟೆಡ್ ಪ್ಲಾನು

ಮೊನ್ನೆ ಹಾಲ್ ಟಿಕೆಟ್ ಹುಡುಕುವಾಗ ಹಳೆಯ ಫೈಲಿನಿಂದ ಒಂದು ಹಾಳೆ ಜಾರಿ ಬಿತ್ತು. ಒಂದು ಮಗ್ಗುಲಲ್ಲಿ ನನ್ನ ಚರ್ಚಾಸ್ಪರ್ಧೆಯ ಟಿಪ್ಪಣಿ: ‘ಜಾಹೀರಾತು ಗ್ರಾಹಕರನ್ನು ಮೂರ್ಖರನ್ನಾಗಿಸುತ್ತದೆ.’ ನಾನು ಪರ. ಗೆದ್ದು ಕಪ್ಪನ್ನೂ ತಂದಿದ್ದೆ. ಇನ್ನೊಂದು ಮಗ್ಗುಲಲ್ಲಿ ಸ್ಕೇಲು ಹಿಡಿದು ಗೆರೆ ಎಳೆದ ಕೋಷ್ಟಕ. ಮೊಬೈಲು ಕಂಪನಿಗಳ ಪ್ಲಾನುಗಳು, ದಿನ, ಡೇಟಾ, ಕರೆ, ಕೊನೆಯಲ್ಲಿ ಷರಾ. ಕಟ್ಟಕಡೆಯ ಸಾಲಿನಲ್ಲಿ ‘ಅಮ್ಮನ ನಂಬರ್’ ಎಂದು ಬರೆದು, ಅದರ ಷರಾದಲ್ಲಿ ‘ವ್ಯರ್ಥ’ ಎಂದು ಬರೆದು, ಎರಡು ಸಲ ಅಡಿಗೆರೆ ಎಳೆದಿದ್ದೆ. ಹಾಳೆಯ ಈ ಬದಿಯಲ್ಲಿ ಗೆದ್ದವಳು ಆ ಬದಿಯಲ್ಲಿ ಹೇಗೆ ಮೂರ್ಖಳಾದಳು ಎನ್ನುವುದನ್ನು ನಾನೇ ಹೇಳಿಬಿಡುತ್ತೇನೆ. ರೀಮಾ ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾಳೆ.

ರೀಮಾ ಎಂದರೆ ಮಣಿಪಾಲದ ಪಿ.ಜಿ.ಯಲ್ಲಿ ನನ್ನ ರೂಮ್‌ಮೇಟು, ಕಾರ್ಕಳದವಳು. ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿ. ನಾನು ಎದುರಾಳಿಯ ವಾದವನ್ನು ತುಂಡುತುಂಡು ಮಾಡುವವಳು, ಅವಳು ಆಮೇಲೆ ಎದುರಾಳಿಗೆ ನೀರಿನ ಬಾಟಲಿ ಕೊಟ್ಟು ಸಮಾಧಾನ ಮಾಡುವವಳು. ಕಾಲೇಜು ಸೇರಿದ ವರ್ಷ ಅಮ್ಮ ನನಗೆ ಎರಡು ಜವಾಬ್ದಾರಿ ಕೊಟ್ಟಿದ್ದರು. ಹೊತ್ತಿಗೆ ಸರಿಯಾಗಿ ಊಟ ಮಾಡುವುದು, ಮತ್ತು ನನ್ನದೂ ಅವರದೂ ಮೊಬೈಲಿಗೆ ರೀಚಾರ್ಜ್ ಮಾಡುವುದು. ಮೊದಲನೆಯದನ್ನು ಮರೆತೆ. ಎರಡನೆಯದನ್ನು ಒಂದು ಸೈದ್ಧಾಂತಿಕ ಹೋರಾಟವನ್ನಾಗಿ ಮಾಡಿಕೊಂಡೆ.

ಹೋರಾಡದೆ ಇರುವುದಾದರೂ ಹೇಗೆ ಹೇಳಿ? ನಮ್ಮ ಪಂಚಾಂಗದಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳು. ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದರೆ ಹದಿಮೂರು. ಮೊಬೈಲು ಕಂಪನಿಯವರಿಗೆ ಪ್ರತಿವರ್ಷವೂ ಅಧಿಕಮಾಸ. ಇಪ್ಪತ್ತೆಂಟು ದಿನಕ್ಕೆ ಅವರ ತಿಂಗಳು ಮುಗಿಯುತ್ತದೆ. ಉಳಿದ ಎರಡು-ಮೂರು ದಿನಗಳನ್ನು ಕೂಡಿಹಾಕಿ ವರ್ಷದ ಕೊನೆಗೆ ಇನ್ನೊಂದು ತಿಂಗಳು ಹುಟ್ಟಿಸಿ ಅದಕ್ಕೂ ದುಡ್ಡು ಕೀಳುತ್ತಾರೆ. ಅಧಿಕಮಾಸದಲ್ಲಿ ದಾನ ಮಾಡಿದರೆ ಪುಣ್ಯವಾದರೂ ಉಂಟು.

‘ಅನ್‌ಲಿಮಿಟೆಡ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ತಲೆಯ ಮೇಲೆ ಸದಾ ಒಂದು ಪುಟ್ಟ ನಕ್ಷತ್ರ ಇರುತ್ತದೆ. ಆ ನಕ್ಷತ್ರದ ಜಾತಕ ಪುಟದ ಕೆಳಗೆ ಇರುವೆ ಅಕ್ಷರಗಳಲ್ಲಿ ಬರೆದಿರುತ್ತದೆ: ದಿನಕ್ಕೆ ಇಂತಿಷ್ಟು, ಅದು ಮುಗಿದರೆ ವೇಗ ಇಂತಿಷ್ಟು. ಹೊಟ್ಟೆ ತುಂಬ ಬಡಿಸುತ್ತೇವೆ ಬನ್ನಿ ಎಂದು ಪಂಕ್ತಿಯಲ್ಲಿ ಕೂರಿಸಿ, ಎರಡನೆಯ ಸಲ ಅನ್ನ ಕೇಳಿದಾಗ ಒಂದೊಂದೇ ಅಗುಳು ಎಣಿಸಿ ಹಾಕಿದ ಹಾಗೆ. ಮೇಲಿಂದ ಮೂರು ಸಿನಿಮಾ ಆ್ಯಪು ಉಚಿತ, ಯಾರ ಮದುವೆಗೋ ಯಾರೋ ಕೊಡುವ ಗೋಡೆ ಗಡಿಯಾರದಂತೆ. ಬೇಡ ಎಂದರೆ ದರ ಇಳಿಯುವುದಿಲ್ಲ.

ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲಂಗಡಿ. ಅಲ್ಲಿಯವರಿಗೆ ಮುಖ ನೋಡಿ ಪ್ಲಾನು ಹೇಳುವ ವಿದ್ಯೆ ಸಿದ್ಧಿಸಿದೆ.

“ಸ್ಟೂಡೆಂಟಾ? ನಿಮಗೆ ದಿನಕ್ಕೆ ಎರಡು ಜಿಬಿಯದ್ದು ಹಾಕುವಾ” ಎಂದರು.

“ನನಗೆ ಎಷ್ಟು ಬೇಕು ಅಂತ ನನಗೇ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

“ಎಲ್ರೂ ಅದೇ ಹಾಕಿಸುವುದು ಮೇಡಂ.”

“ಎಲ್ಲರೂ ಮಾಡ್ತಾರೆ ಅನ್ನುವುದು ಕಾರಣ ಅಲ್ಲ. ತರ್ಕದೋಷ ಅದು.”

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ನನ್ನ ಭುಜದ ಮೇಲಿಂದ ಹಿಂದಿನ ಗಿರಾಕಿಯನ್ನು ನೋಡಿ, “ನಿಮ್ದೆಂತ ಅಣ್ಣ?” ಎಂದರು. ನಾನು ಗೆದ್ದೆ ಎಂದುಕೊಂಡು, ರೀಚಾರ್ಜ್ ಆಗದ ಫೋನು ಹಿಡಿದು ಹೊರಗೆ ಬಂದೆ.

ಅಂದೇ ರೂಮಿಗೆ ಬಂದು ಆ ಕೋಷ್ಟಕ ಮಾಡಲು ಕುಳಿತದ್ದು. ರೀಮಾ ಮಂಚದ ಮೇಲೆ ಬಿದ್ದುಕೊಂಡು ನೋಡುತ್ತಿದ್ದಳು. ಅವಳ ಅಪ್ಪ ಗಲ್ಫಿನಲ್ಲಿದ್ದಾರೆ, ಅಲ್ಲಿಂದಲೇ ಇಡೀ ವರ್ಷದ ಪ್ಲಾನು ಒಂದೇ ಸಲ ಹಾಕಿಬಿಡುತ್ತಾರೆ. ನಾನು ಅರ್ಥಮಾಡಿಕೊಂಡಂತೆ, ಈ ದೇಶದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು ಇರುವುದು ಅನುಕೂಲಸ್ಥರಿಗೆ ಮಾತ್ರ.

“ನಿಂಗೆ ಪ್ಲಾನ್ ಬೇಕಾ, ಜಗಳ ಬೇಕಾ? ಮೊದ್ಲು ಅದು ಹೇಳು ಮಾರಾಯ್ತಿ” ಎಂದಳು.

ಎರಡೂ ಬೇಕಿತ್ತು.

ಇಷ್ಟೆಲ್ಲ ಹೇಳುವ ನಾನು ಚಿಕ್ಕವಳಿದ್ದಾಗ ರೀಚಾರ್ಜಿನ ಮಹಾಭಕ್ತೆಯಾಗಿದ್ದೆ. ಆಗ ಅಂಗಡಿಯಲ್ಲಿ ಕಾರ್ಡು ಸಿಗುತ್ತಿತ್ತು. ಬೂದು ಬಣ್ಣದ ಪಟ್ಟಿಯನ್ನು ನಾಣ್ಯದಿಂದ ಕೆರೆದರೆ ಅಡಿಯಲ್ಲಿ ಅಂಕಿಗಳು. ಕೆರೆಯುವ ಹಕ್ಕು ನನ್ನದು. ಉಗುರಿನ ಸಂದಿಯಲ್ಲಿ ಸೇರಿದ ಬೆಳ್ಳಿಪುಡಿಯನ್ನು ಊಟದ ಹೊತ್ತಿನವರೆಗೆ ತೊಳೆಯದೆ ಕಾಪಾಡಿಕೊಳ್ಳುತ್ತಿದ್ದೆ. ಒಮ್ಮೆ ಭಕ್ತಿ ಹೆಚ್ಚಾಗಿ ಅಂಕಿಗಳನ್ನೂ ಕೆರೆದುಬಿಟ್ಟೆ. ಆ ತಿಂಗಳು ನಮ್ಮ ಮನೆಯಿಂದ ಯಾರಿಗೂ ಕರೆ ಹೋಗಲಿಲ್ಲ. ಅದರಿಂದ ಯಾರಿಗೂ ಏನೂ ತೊಂದರೆ ಆಗಲಿಲ್ಲ ಎಂಬುದು ಈಗ ಯೋಚಿಸಿದರೆ ಮುಖ್ಯವಾದ ಸಂಗತಿ. ಯಾಕೆಂದರೆ ನಮ್ಮಲ್ಲಿ ಆಗ ಕರೆಯನ್ನು ಮಾತಾಡಲು ಬಳಸುತ್ತಿರಲಿಲ್ಲ. ಎಲ್ಲ ರಿಂಗಿನಲ್ಲೇ ಮುಗಿಯುತ್ತಿತ್ತು. ಅಪ್ಪ ಕಾರ್ಕಳ–ಉಡುಪಿ ಲೈನಿನ ಖಾಸಗಿ ಬಸ್ಸಿನ ಡ್ರೈವರು. ಸಂಜೆ ಬಸ್ಸು ನಿಲ್ಲಿಸಿ ಮನೆಗೆ ಹೊರಟರೆ ಒಂದು ರಿಂಗ್: ಬಿಸಿನೀರಿಗೆ ಬೆಂಕಿ ಹಾಕು. ಮೀನು ತೆಗೆದುಕೊಂಡಿದ್ದರೆ ಎರಡು ರಿಂಗ್: ಮಸಾಲೆ ಕಡೆದಿಡು. ಗೀಸರು ಬಂದ ಮೇಲೆ ಮೊದಲಿನದು ನಿವೃತ್ತಿಯಾಯಿತು. ಮನೆಯ ಬಾಗಿಲಿಗೇ ಮೀನಿನ ಟೆಂಪೋ ಬರತೊಡಗಿದ ಮೇಲೆ ಎರಡನೆಯದೂ ಹೋಯಿತು. ನಾನು ಪಿ.ಜಿ. ಸೇರಿದಾಗ ಅಮ್ಮ, “ರೂಮು ಮುಟ್ಟಿದ ಕೂಡ್ಲೆ ಒಂದು ಮಿಸ್ಡ್ ಕಾಲ್ ಕೊಡು” ಎಂದಿದ್ದರು. ನಾನು ಮಿಸ್ಡ್ ಕಾಲ್ ಎನ್ನುವುದು ಜಿಪುಣತನದ ಅವಶೇಷ, ಕರೆಗಳು ಉಚಿತವಾದ ಕಾಲದಲ್ಲಿ ಅದಕ್ಕೆ ಅರ್ಥವಿಲ್ಲ ಎಂದು ಸಾಧಿಸಿ, ರಾತ್ರಿ ಊಟದ ಹೊತ್ತಿಗೆ ಅಪ್ಪನ ಸ್ಮಾರ್ಟ್‌ಫೋನಿಗೆ ವಿಡಿಯೋ ಕರೆ ಮಾಡುವ ಆಧುನಿಕ ಪದ್ಧತಿಯನ್ನು ಜಾರಿಗೆ ತಂದೆ.

ಹಾಗಾಗಿ ಅಮ್ಮನ ಕೀಪ್ಯಾಡ್ ಫೋನಿಗೆ ಉಳಿದದ್ದು ಒಂದೇ ರಿಂಗ್. ಸದಾನಂದಣ್ಣನದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆ ಶಿರ್ವದ ಒಳದಾರಿಯಲ್ಲಿ. ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳು, ಪೂರ್ತಿ ಅಮ್ಮನ ರಾಜ್ಯ. ನಸುಕಿನಲ್ಲಿ ಮೊಗ್ಗು ಕೊಯ್ದು, ಒದ್ದೆ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ. ಸದಾನಂದಣ್ಣ ಮನೆಮನೆಯಿಂದ ಹೂವು ಎತ್ತಿ ಕಟ್ಟೆಗೆ, ಅಂದರೆ ಹೂವಿನ ವ್ಯಾಪಾರ ನಡೆಯುವ ಜಾಗಕ್ಕೆ, ಬೈಕಿನಲ್ಲಿ ಮುಟ್ಟಿಸುವವರು. ಬೆಳಿಗ್ಗೆ ಏಳಕ್ಕೆ ಅವರ ರಿಂಗ್ ಬರುತ್ತದೆ. ಒಂದು ರಿಂಗಾದರೆ, ಎಂದಿನಷ್ಟು ಕಟ್ಟಿಡಿ. ಎರಡಾದರೆ, ಇವತ್ತು ಬೇಡಿಕೆ ಜೋರು, ಇದ್ದದ್ದೆಲ್ಲ ಕೊಡಿ. ರಿಂಗೇ ಇಲ್ಲವಾದರೆ, ಇವತ್ತು ಬೇಡ. ಅಮ್ಮ ಫೋನು ಎತ್ತುವುದಿಲ್ಲ. ಹೂವು ಇದ್ದರೆ ಗೇಟಿನ ಕೊಕ್ಕೆಗೆ ಚೀಲ ತೂಗುಹಾಕುತ್ತಾರೆ. ಸದಾನಂದಣ್ಣ ಮುಖ್ಯರಸ್ತೆಯ ತಿರುವಿನಿಂದಲೇ ಗೇಟು ನೋಡುತ್ತಾರೆ; ಚೀಲ ಕಂಡರೆ ಒಳಗೆ ಬರುತ್ತಾರೆ, ಕಾಣದಿದ್ದರೆ ಮುಂದೆ ಹೋಗುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಈ ಇಬ್ಬರು ಫೋನಿನಲ್ಲಿ ಒಂದು ಅಕ್ಷರ ಮಾತಾಡಿದ್ದಿಲ್ಲ. ದಿನವೂ ವ್ಯವಹಾರ ಮಾತ್ರ ತಪ್ಪಿದ್ದಿಲ್ಲ.

ಈಗ ನನ್ನ ಕೋಷ್ಟಕಕ್ಕೆ ಬನ್ನಿ. ಜುಲೈಯಲ್ಲಿ ಅಮ್ಮನ ವ್ಯಾಲಿಡಿಟಿ ಮುಗಿಯುವುದರಲ್ಲಿತ್ತು. ಅತಿ ಕಡಿಮೆಯದೆಂದು ಆ್ಯಪು ತೋರಿಸಿದ ಪ್ಲಾನಿನಲ್ಲೂ ದಿನಕ್ಕೆ ಒಂದೂವರೆ ಜಿಬಿ ಡೇಟಾ, ಮೂರು ಸಿನಿಮಾ ಆ್ಯಪು, ಅನ್‌ಲಿಮಿಟೆಡ್ ಕರೆ. ಯಾವುದಕ್ಕೆ? ಸಿನಿಮಾ ಆ್ಯಪಿನ ಹೆಸರು ಬರೆದರೂ ಹಿಡಿಸದಷ್ಟು ಸಣ್ಣ ಪರದೆಯ ಫೋನಿಗೆ! ಶನಿವಾರ ಮನೆಗೆ ಹೋದಾಗ ಅಡುಗೆಮನೆಯಲ್ಲೇ ವಿಷಯ ಮಂಡಿಸಿದೆ. ಮನೆಯಲ್ಲಿ ನಾವು ಆಡುವುದು ತುಳು. ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

“ಅಮ್ಮ, ನೀವು ಯಾರಿಗಾದ್ರೂ ಫೋನ್ ಮಾಡ್ತೀರಾ?”

“ನಾನೆಂತಕ್ಕೆ ಮಾಡುವುದು? ಏಳು ಗಂಟೆಯ ರಿಂಗ್ ಬಂದ್ರೆ ಸಾಕು ನಂಗೆ.”

“ಸಿಕ್ಕಿತು ನೋಡಿ! ನಿಮಗೆ ಬೇಕಾದ್ದು ಇನ್‌ಕಮಿಂಗ್ ಮಾತ್ರ. ಕರೆ ಮಾಡುವವರು ದುಡ್ಡು ಕೊಡ್ತಾರೆ, ಬರುವ ಕರೆಗೆ ನಾವು ಯಾಕೆ ಕೊಡ್ಬೇಕು? ರೀಚಾರ್ಜ್ ಮಾಡದಿದ್ರೆ ಹೋಗುವುದು ಔಟ್‌ಗೋಯಿಂಗ್. ನೀವು ಮಾಡದ ಔಟ್‌ಗೋಯಿಂಗ್ ಹೋದ್ರೆ ನಿಮಗೆಂತ ನಷ್ಟ?”

“ಹಾಗೆ ಬಿಟ್ರೆ ನಂಬರ್ ಹೋಗ್ಲಿಕ್ಕಿಲ್ವಾ?”

“ಹೆದರಿಸಿ ದುಡ್ಡು ತೆಗೆಯುವ ಉಪಾಯ ಅದು.”

ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. “ನಿನ್ನ ಹತ್ರ ಮಾತಾಡಿ ಆಗ್ಲಿಕ್ಕಿಲ್ಲ. ನಿಂಗೆ ಸರಿ ಕಂಡದ್ದು ಮಾಡು” ಎಂದರು. ಎದುರಾಳಿಯೇ ಒಪ್ಪಿದ ಮೇಲೆ ತೀರ್ಪುಗಾರರು ಯಾಕೆ? ರೂಮಿಗೆ ಬಂದು ‘ವ್ಯರ್ಥ’ ಎಂದು ಬರೆದು ಎರಡು ಗೆರೆ ಎಳೆದದ್ದು ಅಂದೇ. ನಕ್ಷತ್ರ ಚಿಹ್ನೆಗಳನ್ನು ಅಷ್ಟು ಹೀಯಾಳಿಸಿದವಳು, ಅವುಗಳ ಕೆಳಗಿನ ಇರುವೆ ಅಕ್ಷರಗಳನ್ನು ಕೊನೆಯವರೆಗೆ ಓದಿರಲಿಲ್ಲ. ಔಟ್‌ಗೋಯಿಂಗ್ ಹೋದ ಕೆಲವು ದಿನಕ್ಕೆ ಇನ್‌ಕಮಿಂಗ್ ಕೂಡ ಅದರ ಹಿಂದೆಯೇ ಹೋಗುತ್ತದೆಂದು ಅಲ್ಲಿ ಬರೆದಿತ್ತಂತೆ.

ಆಟಿ ತಿಂಗಳು, ಅಂದರೆ ನಮ್ಮ ಕಡೆಯ ಆಷಾಢ, ಶುರುವಾಗಿತ್ತು. ಮದುವೆ ಇಲ್ಲ, ಮುಂಜಿ ಇಲ್ಲ, ಹೂವು ಕೇಳುವವರಿಲ್ಲ. ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂದು ಗಿಡಗಳು ಮಾತ್ರ ಆಟಿ ಎಂದು ತಿಳಿಯದೆ ಮೊಗ್ಗು ಬಿಟ್ಟಿದ್ದವು. ಒಂದು ರಾತ್ರಿ ವಿಡಿಯೋ ಕರೆಯಲ್ಲಿ ಅಮ್ಮ ಅಪ್ಪನ ಹಿಂದಿನಿಂದ ಇಣುಕಿ, “ಎರಡು ದಿನ ಆಯ್ತು, ಸದಾನಂದಣ್ಣನ ರಿಂಗ್ ಇಲ್ಲ” ಎಂದರು.

“ಆಟಿಯಲ್ವಾ? ಬೇಡಿಕೆ ಕುಸಿದಿದೆ. ಮಾರುಕಟ್ಟೆಯ ನಿಯಮ” ಎಂದೆ, ಚಿಪ್ಸ್ ತಿನ್ನುತ್ತ.

“ಹೌದಾ” ಎಂದರು ಅಮ್ಮ.

ಅದಾದ ಒಂದು ವಾರಕ್ಕೆ ಮಣಿಪಾಲದ ಸ್ಟಾಪಿನಲ್ಲಿ ನಿಂತಿದ್ದಾಗ ಅಪ್ಪನ ಬಸ್ಸು ಬಂತು. ಮುಂದಿನ ಗಾಜಿನ ಒಳಗೆ ದೇವರ ಪಟಕ್ಕೆ ಸಾಮಾನ್ಯವಾಗಿ ಒಂದು ಬಡಕಲು ಮಾಲೆ ಇರುತ್ತದೆ. ಅಂದು ಪಟ ಕಾಣುವುದೇ ಇಲ್ಲ. ಗಾಜಿನ ಈ ಮೂಲೆಯಿಂದ ಆ ಮೂಲೆಗೆ ಮಲ್ಲಿಗೆ, ಕನ್ನಡಿಗೆ ಮಲ್ಲಿಗೆ, ಬಾಗಿಲಿನ ಸರಳಿಗೂ ಮಲ್ಲಿಗೆ. ಇಳಿದ ಹೆಂಗಸರೆಲ್ಲ ಮುಡಿಯಲ್ಲಿ ಒಂದೊಂದು ತುಂಡು ಸಿಕ್ಕಿಸಿಕೊಂಡಿದ್ದರು.

“ಪೊರ್ಲು ಉಂಟಲ್ವಾ, ಎಷ್ಟು ಚಂದ ನಿನ್ನಪ್ಪನ ಬಸ್ಸು!” ಎಂದಳು ರೀಮಾ.

ನಾನು ಹೇಳಿದ್ದು: “ಬ್ರೇಕು ಸರಿ ಇರುವ ಬಸ್ಸಿಗೆ ಇಷ್ಟು ಹೂವು ಬೇಡ.”

ಎಷ್ಟು ಚುರುಕಾದ ಮಾತು! ಹೂವು ಎಲ್ಲಿಂದ ಬಂತು, ಕಟ್ಟೆಗೆ ಹೋಗಬೇಕಾದದ್ದು ಬಸ್ಸಿನಲ್ಲಿ ಯಾಕೆ ನೇತಾಡುತ್ತಿದೆ ಎಂದು ಒಂದು ಸಣ್ಣ ಪ್ರಶ್ನೆ ಆ ಚುರುಕು ತಲೆಯಲ್ಲಿ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು ನಾಗರಪಂಚಮಿಯ ಮುನ್ನಾದಿನ, ಮನೆಯ ಅಂಗಳಕ್ಕೆ ಕಾಲಿಟ್ಟಾಗ. ತುಳಸಿಕಟ್ಟೆಗೆ ಮಲ್ಲಿಗೆ, ದೇವರ ಕೋಣೆಯಲ್ಲಿ ಪಟಗಳು ಕುತ್ತಿಗೆಯವರೆಗೆ ಮಲ್ಲಿಗೆಯಲ್ಲಿ ಮುಳುಗಿವೆ, ಹೊಲಿಗೆ ಮಿಷನ್ನಿಗೂ ಒಂದು ಮಾಲೆ. ಅಮ್ಮ ಚಾವಡಿಯಲ್ಲಿ ಕುಳಿತು ಚೆಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು, ಮರುದಿನ ನಸುಕಿಗೆ ಅಪ್ಪನ ಕೈಯಲ್ಲಿ ಕಳಿಸಲು.

“ಹನ್ನೆರಡು ದಿನ ಆಯ್ತು” ಎಂದರು, ಮುಖ ಎತ್ತದೆ. “ಪಂಚಮಿಗೆ ಸಹ ಬೇಡ ಅಂದ್ರೆ ನಾನೆಂತದೋ ತಪ್ಪು ಮಾಡಿದ್ದೇನೆ. ನಾರು ದಪ್ಪ ಆಯ್ತಾ? ಅರಳಿದ್ದು ಸೇರಿಸ್ತಾಳೆ ಅಂತ ಯಾರಾದ್ರೂ ಹೇಳಿದ್ರಾ? ಒಂದು ದಿನ ಚೀಲದಲ್ಲಿ ನೀರು ಜಾಸ್ತಿ ಇತ್ತು, ಅದಕ್ಕಾ?”

“ಹೋಗಿ ಕೇಳ್ಬಹುದಿತ್ತಲ್ಲಮ್ಮ!”

“ಬೇಡ ಅಂದವರ ಹತ್ರ ಹೋಗಿ ಯಾಕೆ ಬೇಡ ಅಂತ ಕೇಳ್ಲಿಕ್ಕೆ ಆಗ್ತದಾ?”

ಫೋನು ಕಿಟಕಿಯ ದಂಡೆಯ ಮೇಲಿತ್ತು, ಪ್ಲಾಸ್ಟಿಕ್ ಚೀಲದೊಳಗೆ, ರಬ್ಬರ್ ಬ್ಯಾಂಡು ಸುತ್ತಿಕೊಂಡು. ಪೂರ್ತಿ ಚಾರ್ಜಾಗಿತ್ತು. ದಿನವೂ ಚಾರ್ಜು ಮಾಡುತ್ತಿದ್ದರಂತೆ. ನನ್ನ ಫೋನಿನಿಂದ ಅದಕ್ಕೆ ಕರೆ ಮಾಡಿದೆ. ಕಿಟಕಿಯ ದಂಡೆ ಸುಮ್ಮನಿತ್ತು. ನನ್ನ ಕಿವಿಯಲ್ಲಿ ಒಬ್ಬ ಹೆಂಗಸು, ನೀವು ಕರೆ ಮಾಡಿದ ಸಂಖ್ಯೆಗೆ ಒಳಬರುವ ಕರೆಗಳ ಸೌಲಭ್ಯ ಇಲ್ಲ ಎಂದು ಬಹಳ ಸಭ್ಯವಾಗಿ ಹೇಳಿದರು. ಅವರ ಜೊತೆ ವಾದ ಮಾಡುವ ಅವಕಾಶ ಇರಲಿಲ್ಲ.

“ಅಮ್ಮ,” ಎಂದೆ. “ರಿಂಗ್ ಬಾರದ್ದು ನಿಮ್ಮ ಹೂವಿನಿಂದ ಅಲ್ಲ. ನಾನು ರೀಚಾರ್ಜ್ ಮಾಡದ್ದಕ್ಕೆ ಇನ್‌ಕಮಿಂಗ್ ಕಟ್ಟಾಗಿದೆ.”

ಸಿಟ್ಟು ಬರುತ್ತದೆಂದು ನಿಂತೆ. ಅಮ್ಮನಿಗೆ ಮೊದಲು ಬಂದದ್ದು ಸಿಟ್ಟಲ್ಲ. “ಹಾಗಾದ್ರೆ ಸದಾನಂದಣ್ಣ ರಿಂಗ್ ಕೊಡ್ತಾ ಇದ್ರಾ?” ಎಂದು ಕೇಳಿದರು, ಹನ್ನೆರಡು ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟವರ ಹಾಗೆ. ಸಿಟ್ಟು ಬಂದದ್ದು ಅದರ ನಂತರ. “ಈಗ್ಲೇ ಹೋಗು. ನೀನೇ ಹೋಗಿ ಹೇಳು. ಮಾತಾಡಿ ಕಪ್ಪು ತರುವವಳಲ್ವಾ?”

ಸದಾನಂದಣ್ಣ ಕಟ್ಟೆಯ ಹತ್ತಿರ ಬೈಕಿನ ಮೇಲೆ ಒಂದು ಕಾಲು ಹಾಕಿ ಕುಳಿತಿದ್ದರು. ತಲೆಯಲ್ಲಿ ಹೆಲ್ಮೆಟ್ಟು. ಅವರನ್ನು ಹೆಲ್ಮೆಟ್ಟಿಲ್ಲದೆ ನೋಡಿದವರು ನಮ್ಮ ಕಡೆ ಕಡಿಮೆ.

“ಓ, ಬಸ್ಸಿನವರ ಮಗಳು!” ಎಂದರು. “ಎಂತ, ದೊಡ್ಡ ಪಾರ್ಟಿ ಸಿಕ್ಕಿತಲ್ವಾ ನಿಮಗೆ?”

“ಎಂತ ಪಾರ್ಟಿ?”

“ಎಂತ ಪಾರ್ಟಿಯಾ! ನಾನು ದಿನಾ ರಿಂಗ್ ಕೊಟ್ಟೆ. ಗೇಟಿನಲ್ಲಿ ಚೀಲ ಇಲ್ಲ. ಹೂವು ಇಲ್ಲವೋ ಏನೋ ಅಂದ್ಕೊಂಡು ಉಡುಪಿಗೆ ಹೋದ್ರೆ ಅಲ್ಲಿ ನಿನ್ನಪ್ಪನ ಬಸ್ಸು! ಮದುಮಗನ ಕಾರಿಗೆ ಸಹ ಅಷ್ಟು ಹೂವು ಹಾಕುವುದಿಲ್ಲ ಮಾರಾಯ್ತಿ. ಆಗ ಗೊತ್ತಾಯ್ತು, ಇವರು ಈಗ ಬಸ್ಸಿನ ಲೈನಿಗೇ ಹೂವು ಕೊಡುವುದು, ನಮ್ಮ ಬೈಕು ಬೇಡ ಅಂತ.”

ತಪ್ಪೊಪ್ಪಿಕೊಳ್ಳಲು ಹೋದವಳು ನಾನು. ಬಾಯಿ ತೆರೆದಾಗ ಹೊರಟದ್ದು ಮಾತ್ರ ಖಂಡನೆ. “ರಿಂಗ್ ಕೊಡುವಾಗ ಫೋನನ್ನು ಕಿವಿಗೆ ಇಟ್ಟಿದ್ರೆ ನಿಮಗೆ ಅಂದೇ ಗೊತ್ತಾಗ್ತಿತ್ತಲ್ವಾ? ಕರೆ ಹೋಗುವುದಿಲ್ಲ ಅಂತ ಅದು ಹೇಳ್ತದೆ.”

“ಹೆಲ್ಮೆಟ್ಟಿನ ಮೇಲೆ ಎಲ್ಲಿ ಇಡುವುದು? ಒತ್ತುವುದು, ಮನಸ್ಸಲ್ಲಿ ಎಣಿಸುವುದು, ಕಟ್ ಮಾಡುವುದು.”

“ಹೆಲ್ಮೆಟ್ ತೆಗೀಬಹುದಲ್ಲ?”

“ತೆಗಿಯುವಾ. ಮನೆಮನೆಗೆ ಒಂದೊಂದು ಸಲ ತೆಗಿಯುವಾ. ಹಲೋ ಹೇಳುವಾ, ಚಾ ಆಯ್ತಾ ಕೇಳುವಾ. ನಿನ್ನಮ್ಮ ಕೈಯಿಂದ ನಾರು ಬಿಟ್ಟು ಓಡಿಬಂದು ಎತ್ತಲಿ. ಮೊಗ್ಗೆಲ್ಲ ಅರಳಿದ ಮೇಲೆ ಕಟ್ಟೆಗೆ ಮುಟ್ಟುವಾ. ಆಗದಾ?”

ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಹೆಲ್ಮೆಟ್ಟು ಹಾಕಿಕೊಂಡೇ ನನ್ನನ್ನು ಇಷ್ಟು ಸಲೀಸಾಗಿ ಕೆಡವಿದವರು ಬೇರೆ ಯಾರೂ ಇಲ್ಲ. ಮಿಸ್ಡ್ ಕಾಲನ್ನು ನಾನು ಜಿಪುಣತನದ ಅವಶೇಷ ಎಂದಿದ್ದೆ. ಇಬ್ಬರ ಕೈಯೂ ಕೆಲಸದಲ್ಲಿದೆ ಎಂಬ ಸರಳ ಸಂಗತಿ, ಸದಾ ಕೈ ಖಾಲಿ ಇರುವ ನನಗೆ ಹೊಳೆಯುವುದಾದರೂ ಹೇಗೆ?

“ತಪ್ಪು ನಂದೇ ಸದಾನಂದಣ್ಣ” ಎಂದೆ. “ರೀಚಾರ್ಜ್ ಬೇಡ ಅಂತ ಹೇಳಿದ್ದು ನಾನು. ಇನ್‌ಕಮಿಂಗ್ ಕಟ್ಟಾದದ್ದು ಅಮ್ಮನಿಗೆ ಗೊತ್ತೇ ಇರ್ಲಿಲ್ಲ. ನಿಮಗೆ ಬೇಡ ಅಂತ ತಿಳ್ಕೊಂಡು ಬಸ್ಸಿಗೆ ಕೊಟ್ಟದ್ದು.”

ಅವರು ಬೈಕಿನಿಂದ ಕಾಲು ಇಳಿಸಿದರು. “ಪಾಪ” ಎಂದರು, ಅದು ಅಮ್ಮನಿಗೆ. ನನಗೆ ಹೇಳಿದ್ದು ಬೇರೆ: “ನಿಮ್ಮ ಜಾಗಕ್ಕೆ ಇನ್ನೊಂದು ಮನೆ ಸೇರಿಸಿ ಆಯ್ತಲ್ಲ. ಪಂಚಮಿಗೆ ಮಾತು ಕೊಟ್ಟಿದ್ದೇನೆ. ಈಗ ಬೇಡ ಅಂತ ಅವರಿಗೆ ಹೇಳ್ಲಿಕ್ಕೆ ಆಗ್ತದಾ?”

“ಮತ್ತೆ ಅಮ್ಮ?”

“ನೋಡುವಾ.”

ನಮ್ಮ ಕಡೆಯ ‘ನೋಡುವಾ’ ಎಂಬ ಮಾತಿನ ವ್ಯಾಲಿಡಿಟಿ ಯಾವ ಕಂಪನಿಯವರಿಗೂ ಹೇಳಲು ಸಾಧ್ಯವಿಲ್ಲ. ನಾಳೆಯೂ ಆಗಬಹುದು, ಮುಂದಿನ ಜನ್ಮವೂ ಆಗಬಹುದು.

ಅಲ್ಲೇ ನಿಂತು ರೀಚಾರ್ಜ್ ಮಾಡಿದೆ. ಅಮ್ಮನ ನಂಬರಿಗೆ ‘ವ್ಯರ್ಥ’ ಎಂದು ಬರೆದು ಯಾವ ಪ್ಲಾನನ್ನು ತಳ್ಳಿಹಾಕಿದ್ದೆನೋ ಅದನ್ನೇ. ಮನೆಗೆ ಬಂದಾಗ ಅಮ್ಮನ ಫೋನಿಗೆ ಸಂದೇಶ ಬಂದು ಕುಳಿತಿತ್ತು: ಅಭಿನಂದನೆಗಳು, ಇನ್ನು ದಿನವೂ ಸಿನಿಮಾಗಳನ್ನು ಆನಂದಿಸಿ.

ಪಂಚಮಿಯ ಬೆಳಿಗ್ಗೆ ಏಳಾಯಿತು, ಏಳೂಕಾಲಾಯಿತು. ರಿಂಗ್ ಇಲ್ಲ. ಅಮ್ಮ ನಾಗನ ಬನಕ್ಕೆ ಒಂದಷ್ಟು ಹೂವು ತೆಗೆದಿಟ್ಟು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಮರುದಿನವೂ ಇಲ್ಲ. ನಾನು ಕ್ಲಾಸಿಗೆ ಚಕ್ಕರ್ ಹಾಕಿ ಮನೆಯಲ್ಲೇ ಉಳಿದೆ. ನಡುನಡುವೆ ನನ್ನ ಫೋನಿನಿಂದ ಕರೆ ಮಾಡಿ ಅಮ್ಮನ ಫೋನು ಬದುಕಿದೆಯೇ ಎಂದು ನೋಡುತ್ತಿದ್ದೆ. ಪ್ರತಿ ಸಲವೂ ಅಮ್ಮ ತಲೆ ಎತ್ತುತ್ತಿದ್ದರು. ಮೂರನೆಯ ಸಲಕ್ಕೆ, “ಸಾಕು ಮಾರಾಯ್ತಿ, ಅದನ್ನು ಮುಟ್ಬೇಡ” ಎಂದರು.

ಮೂರನೆಯ ದಿನ ಅಮ್ಮ ಎಂದಿನಂತೆ ಚಾವಡಿಯಲ್ಲಿ ಕುಳಿತಿದ್ದರು. ಮಡಿಲಿನ ತುಂಬ ಮೊಗ್ಗು, ಹತ್ತು ಬೆರಳೂ ನಾರಿನಲ್ಲಿ. ಗಡಿಯಾರದ ಕಡೆ ನೋಡಬಾರದೆಂದು ಇಬ್ಬರೂ ಪಣ ತೊಟ್ಟಂತಿತ್ತು. ಕಿಟಕಿಯ ದಂಡೆಯ ಮೇಲೆ ಪ್ಲಾಸ್ಟಿಕ್ ಚೀಲ ಪರಪರ ಎಂದು ನಡುಗಿತು. ರಿಂಗ್!

ಅಷ್ಟು ಅನುಭವಿಸಿಯೂ ನಾನು ಮಾಡಿದ್ದೇನು ಗೊತ್ತೇ? ಹಾರಿ ಹೋಗಿ ಎತ್ತಲು ಕೈಚಾಚಿದೆ. ಅಮ್ಮ ಕುಳಿತಲ್ಲಿಂದಲೇ ಮೊಣಕೈಯಿಂದ ನನ್ನ ಮೊಣಕಾಲಿಗೆ ಒಂದು ಕೊಟ್ಟರು.

“ಎತ್ತಬೇಡ!”

ರಿಂಗ್ ನಿಂತಿತು. ಅಮ್ಮನ ಬೆರಳುಗಳೂ ನಿಂತವು. ಹಿತ್ತಿಲಲ್ಲಿ ತೆಂಗಿನ ಗರಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾವಿಬ್ಬರೂ ಆ ರಬ್ಬರ್ ಬ್ಯಾಂಡು ಸುತ್ತಿದ ಫೋನನ್ನೇ ನೋಡುತ್ತಿದ್ದೆವು.

ಮತ್ತೊಮ್ಮೆ ನಡುಗಿತು.

“ಎರಡು” ಎಂದರು ಅಮ್ಮ, ಮೆಲ್ಲಗೆ. ಮರುಕ್ಷಣ ಗಂಟಲು ಏರಿತು: “ನಿಂತು ನೋಡುವುದೆಂತ? ಹಿಂದಿನ ಸಾಲಿನ ಗಿಡದಲ್ಲಿ ಮೊಗ್ಗು ಉಳಿದಿದೆ, ಕೊಯ್ದು ತಾ. ದೊಡ್ಡ ಚೀಲ ತೆಗೆ!”

ಅನ್‌ಲಿಮಿಟೆಡ್ ಕರೆಯಲ್ಲಿ ಒಂದು ಸೆಕೆಂಡೂ ಖರ್ಚಾಗಿರಲಿಲ್ಲ. ನಾನು ದೊಡ್ಡ ಚೀಲ ಹುಡುಕಲು ಓಡಿದೆ.